ಬಟ್ಟೆಯ ಮೇಲೆ ಬರೆದ ಲೋಕ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಭಾಷಣಕ್ಕೆ ಕರೆದಾಗ ಸಮಿತಿಯವರು, “ನಿಮ್ಮ ಅನುಭವ ಹೇಳಿ ಸಾರ್, ಮಕ್ಕಳಿಗೆ ಉಪಯೋಗ ಆಗೋ ಹಾಗೆ” ಅಂದರು. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಚಿತ್ರಕಲೆಯ ಮೇಷ್ಟ್ರಾಗಿದ್ದವನು. ಚಿತ್ರ ಬಿಟ್ಟು ಬೇರೆ ಏನು ಮಾತಾಡಿದರೂ ನನ್ನ ಮಾತು ನನಗೇ ಒಗ್ಗುವುದಿಲ್ಲ. ಆದ್ದರಿಂದ ಒಂದು ಚಿತ್ರದ ವಿಷಯ ಮಾತಾಡುತ್ತೇನೆ. ಆ ಚಿತ್ರದ ಜೊತೆಗೆ, ಹುಡುಗನಾಗಿದ್ದಾಗ ನಾನು ಮಾಡಿದ ಒಂದು ತಪ್ಪೂ ಸೇರಿಕೊಂಡಿದೆ. ಅದನ್ನೂ ಹೇಳಿಬಿಡುತ್ತೇನೆ. ಅಡುಗೆಯ ಕಡೆಯಿಂದ ಪಾಯಸದ ವಾಸನೆ ಬರುತ್ತಿದೆ. ಊಟಕ್ಕೆ ತಡ ಮಾಡುವುದಿಲ್ಲ.

ನಾನು ಎಂಟನೇ ತರಗತಿಗೆ ಸೇರಿದಾಗ ಶಾಲೆಗೆ ಇನ್ನೂ ಐದು ವರ್ಷವೂ ತುಂಬಿರಲಿಲ್ಲ. ಕಾಂಪೌಂಡ್ ಇರಲಿಲ್ಲ. ಹಿಂದೆ ತೆಂಗಿನ ತೋಟ, ಮುಂದೆ ರಾಗಿ ಹೊಲ. ಪಾಠೋಪಕರಣ ಅಂತ ಇದ್ದದ್ದು ಒಂದು ಗ್ಲೋಬು, ನಾಲ್ಕು ಭೂಪಟ. ಕಾಗದಕ್ಕೆ ಬಟ್ಟೆ ಅಂಟಿಸಿ, ಮೇಲೊಂದು ಕೆಳಗೊಂದು ಮರದ ಕೋಲು ಹೊಡೆದ ಭೂಪಟಗಳು. ಸಮಾಜ ವಿಜ್ಞಾನದ ಪೀರಿಯಡ್ಡಿಗೆ ಮುಂಚೆ ಅದರ ಸುರುಳಿ ಬಿಚ್ಚಿ ಮೊಳೆಗೆ ನೇತುಹಾಕುವ ಕೆಲಸ ನನ್ನದು. ಆ ಕೆಲಸ ಸಿಕ್ಕಿದ್ದಕ್ಕೆ ನನಗೆ ಬಹಳ ಜಂಬವಿತ್ತು.

ಭೂಪಟ ಅನ್ನುವ ಮಾತಿನಲ್ಲಿರುವ ‘ಪಟ’ಕ್ಕೆ ಬಟ್ಟೆ ಅಂತಲೇ ಅರ್ಥ. ಬಟ್ಟೆಯ ಮೇಲೆ ಬರೆದ ಚಿತ್ರವೂ ಪಟ. ಇದು ನನಗೆ ಆಗ ಗೊತ್ತಿರಲಿಲ್ಲ.

ನನ್ನ ತರಗತಿಯಲ್ಲಿ ಒಬ್ಬ ಜೈನರ ಹುಡುಗನಿದ್ದ. ಅವರ ತಂದೆ ಕೊಬ್ಬರಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಹುಡುಗ ಮಾತು ಕಡಿಮೆ. ಒಂದು ದಿನ ಅವನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕೈವಾರದಿಂದ ಎಳೆದ ಒಂದು ಚಿತ್ರ ಕಂಡೆ. ನಡುವೆ ಒಂದು ಚುಕ್ಕೆ, ಅದರ ಸುತ್ತ ವೃತ್ತ, ಅದರ ಸುತ್ತ ಇನ್ನೊಂದು, ಮತ್ತೊಂದು. ಒಂದೊಂದರ ಮಧ್ಯೆ ಅಲೆಗಳು, ಮೀನುಗಳು. ಒಳಗಿನ ವೃತ್ತದ ಆಚೆಗೊಂದು ಈಚೆಗೊಂದು ಎರಡು ಸೂರ್ಯ. “ಏನೋ ಇದು?” ಅಂದೆ. “ಪ್ರಪಂಚದ ನಕ್ಷೆ. ನಮ್ಮಜ್ಜಿ ಹೇಳಿಕೊಟ್ಟರು” ಅಂದ. ನಾನು ಪುಸ್ತಕ ಕಿತ್ತುಕೊಂಡು ತರಗತಿಗೆಲ್ಲ ತೋರಿಸಿದೆ. ಗೋಡೆಯ ಮೇಲೆ ನೇತುಹಾಕಿದ್ದ ಭೂಪಟದ ಪಕ್ಕ ಅದನ್ನು ಹಿಡಿದು, “ಇವರ ಮನೇಲಿ ಎರಡು ಸೂರ್ಯ ಹುಟ್ಟುತ್ತಾವಂತೆ” ಅಂದೆ. ಎಲ್ಲರೂ ನಕ್ಕರು. ಆವತ್ತಿನಿಂದ ಅವನಿಗೆ ‘ಎರಡು ಸೂರ್ಯ’ ಅನ್ನುವುದೇ ಹೆಸರಾಯಿತು. ಹೆಸರಿಟ್ಟವನು ನಾನು.

ಒಂಬತ್ತನೇ ತರಗತಿ ಮುಗಿಸಿ ಅವನು ಶಾಲೆ ಬಿಟ್ಟ. ಬಿಟ್ಟದ್ದು ಆ ಹೆಸರಿನಿಂದ ಅಲ್ಲ, ತಂದೆಗೆ ಕಾಯಿಲೆಯಾಗಿ ಮನೆ ನಡೆಯುವುದು ಕಷ್ಟವಾದದ್ದಕ್ಕೆ. ಆದರೆ ಅವನು ಇನ್ನೊಂದು ಸಲ ಚಿತ್ರ ಬರೆದದ್ದನ್ನು ಮಾತ್ರ ನಾನು ನೋಡಲಿಲ್ಲ. ನಾನು ಚಿತ್ರಕಲೆ ಕಲಿತೆ, ಮೇಷ್ಟ್ರಾದೆ.

ನಿವೃತ್ತಿಗೆ ಎರಡು ವರ್ಷ ಮುಂಚೆ ಮಗಳು ಕೆಲಸದ ಮೇಲೆ ಅಹಮದಾಬಾದಿನಲ್ಲಿದ್ದಳು. ನೋಡಲು ಹೋದಾಗ ಅಲ್ಲಿನ ಒಂದು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಳು. ಒಂದು ಕೋಣೆಯಲ್ಲಿ ಗಾಜಿನ ಹಿಂದೆ ನನ್ನ ಎತ್ತರದ ಒಂದು ಬಟ್ಟೆಯ ಚಿತ್ರ ತೂಗುಹಾಕಿದ್ದರು. ನಡುವೆ ಮೇರು, ಸುತ್ತ ವೃತ್ತಗಳು, ನೀಲಿ ನೀರಿನಲ್ಲಿ ಮೀನು, ದೋಣಿ, ಈಜುವ ಜನ. ಎರಡು ಸೂರ್ಯ. ನೋಟ್‌ಬುಕ್ಕಿನ ಕೊನೆಯ ಹಾಳೆಯೇ ನನ್ನ ಎದುರು ನಿಂತ ಹಾಗಾಯಿತು. ಮಗಳು ಮುಂದಿನ ಕೋಣೆಗೆ ಹೋಗಿ, ನಾನು ಬರಲಿಲ್ಲವೆಂದು ವಾಪಸು ಬಂದಳು.

ಆಮೇಲೆ ಆ ಚಿತ್ರದ ವಿಷಯ ಸಿಕ್ಕಿದ್ದನ್ನೆಲ್ಲ ಓದಿದೆ. ಅದರಲ್ಲಿ ಒಂದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಇದಕ್ಕೆ ‘ಅಢಾಈ ದ್ವೀಪ’ದ ಪಟ, ಅಂದರೆ ಎರಡೂವರೆ ದ್ವೀಪದ ಪಟ ಎನ್ನುತ್ತಾರೆ. ಗುಜರಾತ್, ರಾಜಸ್ಥಾನಗಳಲ್ಲಿ ಹದಿನೈದನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೂ ಇಂಥವನ್ನು ಬರೆದಿದ್ದಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲೂ ಇಂಥದೊಂದು ಇದೆ. ಹತ್ತಿಬಟ್ಟೆಗೆ ಗಂಜಿ ಹಾಕಿ, ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಿದ್ದರು. ಮೇಲೆ ಕೈವಾರದಿಂದ ವೃತ್ತ. ಕೆಂಪಿಗೆ ಇಂಗಳೀಕ, ಹಳದಿಗೆ ಹರಿತಾಳ, ನೀಲಿಗೆ ನೀಲಿಗಿಡದ ಬಣ್ಣ, ಕಪ್ಪಿಗೆ ದೀಪದ ಕಾಡಿಗೆ. ಮುನಿಗಳು, ಪಂಡಿತರು ಇದನ್ನು ಬಿಚ್ಚಿ ತೂಗುಹಾಕಿ ಜನರಿಗೆ ಲೋಕದ ವಿಷಯ ಹೇಳುತ್ತಿದ್ದರು. ನಮ್ಮ ಮೇಷ್ಟ್ರು ಭೂಪಟ ತೂಗುಹಾಕುತ್ತಿದ್ದ ಹಾಗೆಯೇ.

ಈಗ ಮಕ್ಕಳು ಸ್ವಲ್ಪ ಲೆಕ್ಕ ಮಾಡಬೇಕು. ನಡುವಿನ ದ್ವೀಪ ಜಂಬೂದ್ವೀಪ. ಜಂಬೂ ಅಂದರೆ ನೇರಳೆ. ಅದರ ಅಡ್ಡಗಲ ಒಂದು ಲಕ್ಷ ಯೋಜನ. ಅದರ ಸುತ್ತ ಲವಣ ಸಮುದ್ರ, ಎರಡು ಲಕ್ಷ ಯೋಜನ ಅಗಲ. ಅದರಾಚೆ ಧಾತಕೀಖಂಡ, ನಾಲ್ಕು ಲಕ್ಷ. ಅದರಾಚೆ ಕಾಲೋದಧಿ, ಎಂಟು ಲಕ್ಷ. ಅದರಾಚೆ ಪುಷ್ಕರದ್ವೀಪ, ಹದಿನಾರು ಲಕ್ಷ. ಒಂದಕ್ಕಿಂತ ಒಂದು ಇಮ್ಮಡಿ. ಪುಷ್ಕರದ ನಟ್ಟನಡುವೆ ಮಾನುಷೋತ್ತರ ಪರ್ವತ ಗೋಡೆಯ ಹಾಗೆ ಸುತ್ತುವರಿದಿದೆ. ಮನುಷ್ಯರು ಇರುವುದು ಆ ಗೋಡೆಯ ಒಳಗೆ ಮಾತ್ರ. ಆದ್ದರಿಂದ ಎರಡು ದ್ವೀಪ ಪೂರ್ತಿ, ಮೂರನೆಯದು ಅರ್ಧ. ಎರಡೂವರೆ. ಈ ಅಂಚಿನಿಂದ ಆ ಅಂಚಿಗೆ ಎಷ್ಟಾಯಿತು? ನಡುವಿನ ಒಂದು, ಎರಡೂ ಪಕ್ಕ ಸೇರಿ ನಾಲ್ಕು, ಎಂಟು, ಹದಿನಾರು, ಮತ್ತೆ ಹದಿನಾರು. ಒಟ್ಟು 45 ಲಕ್ಷ ಯೋಜನ.

ಜಂಬೂದ್ವೀಪದ ಒಳಗೆ ಏಳು ಕ್ಷೇತ್ರ, ಅವುಗಳ ನಡುವೆ ಆರು ಪರ್ವತ. ದಕ್ಷಿಣದ ತುದಿಯಲ್ಲಿ, ಚಿತ್ರದ ಕೆಳಗಡೆ, ಬಿಲ್ಲಿನ ಆಕಾರದಲ್ಲಿರುವುದು ನಮ್ಮ ಭರತಕ್ಷೇತ್ರ. ಅದನ್ನು ಒಂದು ಪಾಲು ಅಂತ ಇಟ್ಟುಕೊಂಡರೆ ಮೇಲಿನ ಪರ್ವತ ಎರಡು ಪಾಲು, ಅದರ ಮೇಲಿನ ಕ್ಷೇತ್ರ ನಾಲ್ಕು, ಹೀಗೆ ನಡುವಿನ ವಿದೇಹಕ್ಷೇತ್ರಕ್ಕೆ 64 ಆಗುತ್ತದೆ. ಅಲ್ಲಿಂದ ಉತ್ತರಕ್ಕೆ ಮತ್ತೆ ಅರ್ಧರ್ಧ ಇಳಿಯುತ್ತದೆ. ಎಲ್ಲ ಕೂಡಿದರೆ 190. ಅಂದರೆ ನಡುವಿನ ದ್ವೀಪದಲ್ಲೇ ನಮ್ಮದು ನೂರ ತೊಂಬತ್ತರಲ್ಲಿ ಒಂದು ಪಾಲು. ತಾನಿರುವ ನೆಲವನ್ನು ಇಷ್ಟು ಚಿಕ್ಕದಾಗಿ, ಅಂಚಿನಲ್ಲಿ ಬರೆದುಕೊಂಡ ನಕ್ಷೆ ಇದು. ನಾನು ಮಕ್ಕಳಿಗೆ “ನಿಮ್ಮ ಊರಿನ ಚಿತ್ರ ಬರೀರಿ” ಅಂದಾಗಲೆಲ್ಲ ಪ್ರತಿಯೊಬ್ಬರೂ ಅವರವರ ಮನೆಯನ್ನು ನಡುವೆ, ದೊಡ್ಡದಾಗಿ ಬರೆಯುತ್ತಿದ್ದರು. ನಾನೂ ಹಾಗೇ ಬರೆದವನು.

ಈ ಲೆಕ್ಕ ನಮ್ಮ ನಾಡಿಗೆ ಹೊರಗಿನದಲ್ಲ. ತಿಪಟೂರಿನಿಂದ ನುಗ್ಗೇಹಳ್ಳಿ, ಚನ್ನರಾಯಪಟ್ಟಣ ದಾಟಿದರೆ ಶ್ರವಣಬೆಳಗೊಳ. ಅಲ್ಲಿ 981ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಪ್ರಾಕೃತದಲ್ಲಿ ‘ತ್ರಿಲೋಕಸಾರ’ ಅಂತ ಒಂದು ಗ್ರಂಥವನ್ನೇ ಬರೆದಿದ್ದಾರೆ. ಮೂರು ಲೋಕದ ಅಳತೆಗಳೇ ಅದರ ವಿಷಯ. ಇಂಥ ಗ್ರಂಥಗಳಲ್ಲಿ ಜಂಬೂದ್ವೀಪದ ಸುತ್ತಳತೆಯನ್ನು 3,16,227 ಯೋಜನಕ್ಕಿಂತ ಸ್ವಲ್ಪ ಹೆಚ್ಚು ಎಂದು ಲೆಕ್ಕ ಹಾಕಿದ್ದಾರೆ. ಹತ್ತರ ವರ್ಗಮೂಲವನ್ನು ಪೈ ಬೆಲೆಯಾಗಿ ಹಿಡಿದ ಲೆಕ್ಕ. ಈಗಿನ ಪೈ ಬೆಲೆಯಿಂದ ಮಾಡಿದರೆ 3,14,159 ಬರುತ್ತದೆ. ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ.

ಇನ್ನು ಎರಡು ಸೂರ್ಯ. ಮಕ್ಕಳು ತಪ್ಪು ತಿಳಿಯಬಾರದು. ಭೂಮಿ ದುಂಡಗಿದೆ, ನಮಗಿರುವುದು ಒಂದೇ ಸೂರ್ಯ, ಪಠ್ಯಪುಸ್ತಕ ಹೇಳುವುದೇ ಸರಿ. ಪರೀಕ್ಷೆಯಲ್ಲಿ ಎರಡು ಸೂರ್ಯ ಬರೆದರೆ ನನ್ನನ್ನು ಸಾಕ್ಷಿಗೆ ಕರೆಯಬೇಡಿ. ಆದರೆ ಆ ಹಿಂದಿನವರು ಯಾಕೆ ಎರಡು ಅಂದರು? ನೆಲ ತಟ್ಟೆಯ ಹಾಗಿದೆ, ನಡುವೆ ಮೇರು ಇದೆ, ಸೂರ್ಯ ಅದರ ಸುತ್ತ ತಿರುಗುತ್ತಾನೆ ಅಂತ ಅವರು ಇಟ್ಟುಕೊಂಡಿದ್ದರು. ಅವರ ಲೆಕ್ಕದಲ್ಲಿ ಒಬ್ಬ ಸೂರ್ಯ ಒಂದು ಹಗಲು ರಾತ್ರಿಯಲ್ಲಿ ಅರ್ಧ ಸುತ್ತು ಮಾತ್ರ ಮುಗಿಸುತ್ತಾನೆ. ಹಾಗಾದರೆ ನಾಳೆ ಬೆಳಿಗ್ಗೆ ಇಲ್ಲಿ ಹುಟ್ಟುವವನು ಯಾರು? ಎದುರು ಬದಿಯಲ್ಲಿ ಇದ್ದ ಇನ್ನೊಬ್ಬ. ಇವತ್ತಿನ ಸೂರ್ಯ ಮತ್ತೆ ಬರುವುದು ನಾಡಿದ್ದು. ಊಹೆ ತಪ್ಪಿತ್ತು, ಆದರೆ ಇಟ್ಟುಕೊಂಡ ಊಹೆಗೆ ನಿಷ್ಠೆಯಿಂದ ಲೆಕ್ಕ ಮಾಡಿದ್ದರು. ಮೂರ್ಖತನದಿಂದ ಬರೆದ ಎರಡು ಸೂರ್ಯ ಅಲ್ಲ ಅದು. ನಾನು ನಕ್ಕದ್ದು ಆ ಲೆಕ್ಕ ಗೊತ್ತಿಲ್ಲದೆ.

ಇದೇ ಲೋಕವನ್ನು ನಿಂತ ಮನುಷ್ಯನ ಆಕಾರದಲ್ಲೂ ಬರೆಯುತ್ತಾರೆ. ಕಾಲು ಅಗಲಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತ ಲೋಕಪುರುಷ. ಅವನ ಎತ್ತರ ಹದಿನಾಲ್ಕು ರಜ್ಜು. ರಜ್ಜು ಅಂದರೆ ಹಗ್ಗ. ನಾರಿನ ಹಗ್ಗ ಹೊಸೆಯುವ ನಮ್ಮ ಸೀಮೆಯವರಿಗೆ ಇದು ಇಷ್ಟವಾಗಬೇಕು, ಲೋಕವನ್ನು ಹಗ್ಗದಲ್ಲಿ ಅಳೆದಿದ್ದಾರೆ. ಪಾದದ ಹತ್ತಿರ ಏಳು ರಜ್ಜು ಅಗಲ, ಸೊಂಟಕ್ಕೆ ಒಂದು, ಮೊಣಕೈ ಮಟ್ಟಕ್ಕೆ ಐದು, ತಲೆಗೆ ಮತ್ತೆ ಒಂದು. ಸೊಂಟದ ಕೆಳಗೆ ಏಳು ನರಕದ ಭೂಮಿಗಳು, ಮೇಲೆ ಸ್ವರ್ಗಗಳು, ಅವೆಲ್ಲದರ ಮೇಲೆ ಬಾಲಚಂದ್ರನ ಹಾಗೆ ಸಿದ್ಧಶಿಲೆ. ಸೊಂಟದ ಮಟ್ಟದಲ್ಲಿ, ಎಲ್ಲಕ್ಕಿಂತ ಕಿರಿದಾದ ಜಾಗದಲ್ಲಿ, ನಾನು ಈಗ ಹೇಳಿದ ವೃತ್ತಗಳೆಲ್ಲ ಇವೆ. ಮಹಾವೀರರ 2500ನೆಯ ನಿರ್ವಾಣ ವರ್ಷದ ಸಂದರ್ಭದಲ್ಲಿ ಜೈನರು ಒಂದು ಸಾಮಾನ್ಯ ಲಾಂಛನ ಒಪ್ಪಿಕೊಂಡರು. ಬಸದಿಯ ಬಾಗಿಲಲ್ಲಿ, ಮದುವೆ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಒಳಗೆ ಎತ್ತಿದ ಕೈ, ಮೇಲೆ ಸ್ವಸ್ತಿಕ, ಮೂರು ಚುಕ್ಕೆ, ಬಾಲಚಂದ್ರ. ಅದರ ಹೊರಗೆರೆ ಈ ಲೋಕದ್ದೇ.

ಈ ಚಿತ್ರದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಸ್ವರ್ಗದಲ್ಲಿ ಸುಖ ಬಹಳ, ಆಯಸ್ಸು ಬಹಳ. ಆದರೆ ಅಲ್ಲಿಂದ ನೇರವಾಗಿ ಮೋಕ್ಷಕ್ಕೆ ದಾರಿಯಿಲ್ಲ. ದೇವತೆಗಳೂ ಆ ಕಿರಿದಾದ ಸೊಂಟಕ್ಕೆ ಇಳಿದು ಮನುಷ್ಯರಾಗಿ ಹುಟ್ಟಬೇಕು. ಜೈನರು ಚಿಂತಿಸಬೇಕಾದ ಹನ್ನೆರಡು ಭಾವನೆಗಳಲ್ಲಿ ಹತ್ತನೆಯದು ಲೋಕದ ಆಕಾರದ ಚಿಂತನೆ. ಹನ್ನೊಂದನೆಯದು ಅರಿವು ಸಿಗುವುದು ಎಷ್ಟು ದುರ್ಲಭ ಅನ್ನುವ ಚಿಂತನೆ. ಒಂದರ ಹಿಂದೆ ಒಂದು ಬಂದಿರುವುದು ಸುಮ್ಮನೆ ಅಲ್ಲ ಅಂತ ನನಗೆ ತೋರುತ್ತದೆ. ಈ ನಕ್ಷೆ ದಾರಿ ನಡೆಯುವುದಕ್ಕೆ ಬರೆದದ್ದಲ್ಲ. ಇಷ್ಟು ದೊಡ್ಡದರಲ್ಲಿ ನಿನಗೆ ಸಿಕ್ಕಿರುವ ಜಾಗ ಇಷ್ಟು, ಅದರಲ್ಲಿ ಏನು ಮಾಡುತ್ತೀಯ ಅಂತ ಕೇಳುವುದಕ್ಕೆ ಬರೆದದ್ದು.

ನಮ್ಮ ಕಡೆ ಬಟ್ಟೆಗಿಂತ ಕಲ್ಲು, ಕಂಚು, ಗೋಡೆಗಳ ಮೇಲೆ ಈ ವಿಷಯ ಹೆಚ್ಚು ಕಾಣುತ್ತದೆ. ಮೂಡಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಹೆಸರೇ ‘ತ್ರಿಭುವನ ತಿಲಕ ಚೂಡಾಮಣಿ’. ಶ್ರವಣಬೆಳಗೊಳಕ್ಕೆ ಹೋದವರು ಬೆಟ್ಟ ಹತ್ತಿ ಇಳಿದು ವಾಪಸು ಬರುತ್ತೀರಿ. ಊರೊಳಗಿನ ಜೈನ ಮಠದ ಗೋಡೆಗಳನ್ನೂ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು, ಪಾರ್ಶ್ವನಾಥರ ಸಮವಸರಣ ಎಲ್ಲ ಇವೆ. ಅವುಗಳ ನಡುವೆ ಕಾಡಿನ ಒಂದು ಮರ, ಅದರ ಸುತ್ತ ಆರು ಜನ.

ಆ ಆರು ಜನಕ್ಕೂ ಹಸಿವು. ಹಣ್ಣಿನ ಮರ ಕಂಡಿತು. ಒಬ್ಬ ಬುಡಸಮೇತ ಕಡಿಯೋಣ ಅಂದ. ಇನ್ನೊಬ್ಬ ಕಾಂಡ ಕಡಿದರೆ ಸಾಕು ಅಂದ. ಮೂರನೆಯವನು ದೊಡ್ಡ ಕೊಂಬೆ, ನಾಲ್ಕನೆಯವನು ಚಿಕ್ಕ ಕೊಂಬೆ, ಐದನೆಯವನು ಹಣ್ಣು ಮಾತ್ರ ಕೀಳೋಣ ಅಂದ. ಆರನೆಯವನು, ಕೆಳಗೆ ಉದುರಿದ್ದನ್ನು ತಿಂದರೆ ನಮ್ಮ ಹೊಟ್ಟೆ ತುಂಬುತ್ತದಲ್ಲ ಅಂದ. ಇವು ಆರು ಲೇಶ್ಯೆಗಳು, ಮನಸ್ಸಿನ ಬಣ್ಣಗಳು: ಕಪ್ಪು, ನೀಲಿ, ಪಾರಿವಾಳದ ಬೂದು, ಹಳದಿ, ತಾವರೆಯ ಬಣ್ಣ, ಬಿಳಿ. ಬೆಳಿಗ್ಗೆ ಎದ್ದು ತೋಟದಲ್ಲಿ ಉದುರುಕಾಯಿ ಆರಿಸಿ ಬೆಳೆದ ನಮಗೆ ಈ ಕಥೆಗೆ ಟಿಪ್ಪಣಿ ಬೇಡ. ಆವತ್ತು ನೋಟ್‌ಬುಕ್ ಕಿತ್ತುಕೊಂಡಾಗ ನನ್ನ ಮನಸ್ಸಿನ ಬಣ್ಣ ಯಾವುದಿತ್ತು ಅಂತ ಆ ಗೋಡೆಯ ಮುಂದೆ ನಿಂತು ಕೇಳಿಕೊಂಡೆ. ಬಿಳಿಯಂತೂ ಆಗಿರಲಿಲ್ಲ.

ಇನ್ನೊಂದು ವಿಷಯ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯನ್ನು ಕಲ್ಪತರು ನಾಡು ಅನ್ನುತ್ತೇವೆ. ಆ ಪಟದಲ್ಲೂ ಕಲ್ಪವೃಕ್ಷಗಳಿವೆ. ಹತ್ತು ಬಗೆಯವು. ಒಂದು ಊಟ ಕೊಡುತ್ತದೆ, ಒಂದು ಬಟ್ಟೆ, ಒಂದು ಪಾತ್ರೆ, ಒಂದು ದೀಪ, ಒಂದು ಮನೆ. ಅಂಥ ಮರಗಳಿರುವ ನೆಲ ಭೋಗಭೂಮಿ. ಅಲ್ಲಿ ದುಡಿಯಬೇಕಿಲ್ಲ, ಕಲಿಯಬೇಕಿಲ್ಲ. ಆದರೆ ಅಲ್ಲಿಂದಲೂ ಮೋಕ್ಷವಿಲ್ಲ. ಭರತಕ್ಷೇತ್ರದಲ್ಲೂ ಹಿಂದೆ ಕಲ್ಪವೃಕ್ಷಗಳಿದ್ದವು, ಕಾಲ ಇಳಿದ ಹಾಗೆ ಅವು ಕೊಡುವುದು ಕಡಿಮೆಯಾಗಿ ಮಾಯವಾದವು, ಜನ ದಿಕ್ಕೆಟ್ಟರು ಅನ್ನುತ್ತದೆ ಆ ಕಥೆ. ಆಗ ಆದಿನಾಥ, ಋಷಭದೇವ, ಅವರಿಗೆ ಆರು ವೃತ್ತಿ ಕಲಿಸಿದ: ಆಯುಧ, ಬರವಣಿಗೆ, ಬೇಸಾಯ, ವಿದ್ಯೆ, ವ್ಯಾಪಾರ, ಶಿಲ್ಪ. ಮಗಳು ಬ್ರಾಹ್ಮಿಗೆ ಅಕ್ಷರ, ಇನ್ನೊಬ್ಬ ಮಗಳು ಸುಂದರಿಗೆ ಅಂಕಿ ಹೇಳಿಕೊಟ್ಟ. ಇದನ್ನು ನಮ್ಮ ಪಂಪ 941ರಲ್ಲಿ ಆದಿಪುರಾಣದಲ್ಲಿ ಕನ್ನಡಕ್ಕೆ ತಂದ.

ನುಸಿ ಪೀಡೆ ಬಂದ ವರ್ಷಗಳು ಹಿರಿಯರಿಗೆ ನೆನಪಿವೆ. ಕಾಯಿ ಗಾತ್ರ ಇಳಿಯಿತು, ಕಾಂಡ ಸೋರುವ ರೋಗ ಬಂತು, ಕೊಳವೆಬಾವಿ ಬತ್ತಿತು. ನಮ್ಮ ಕಲ್ಪವೃಕ್ಷವೂ ಕೊಡುವುದನ್ನು ಕಡಿಮೆ ಮಾಡಿತು. ಆ ಕಾಲದಲ್ಲಿ ಎಷ್ಟೋ ಮನೆ ನಿಂತದ್ದು ಈ ಶಾಲೆಯಲ್ಲಿ ಕಲಿತ ಅಕ್ಷರ, ಅಂಕಿಗಳಿಂದ. ಈ ಎರಡು ದಿನ ಇಲ್ಲಿ ಮಾತಾಡಿದ ಹಳೆಯ ವಿದ್ಯಾರ್ಥಿನಿಯರೇ ಅದಕ್ಕೆ ಸಾಕ್ಷಿ.

ಈಗ ನನ್ನ ಗೆಳೆಯನ ವಿಷಯಕ್ಕೆ ಬರುತ್ತೇನೆ. ಅಹಮದಾಬಾದಿನಿಂದ ಆ ಪಟದ ಒಂದು ಮುದ್ರಿತ ಪ್ರತಿ ತಂದಿದ್ದೆ. ನಾಲ್ಕು ತಿಂಗಳು ಅದು ಬೀರುವಿನ ಮೇಲೇ ಇತ್ತು. ಕೊನೆಗೆ ಒಂದು ದಿನ ಧೈರ್ಯ ಮಾಡಿ ಅವನು ಕೆಲಸ ಮಾಡುವ ಕೊಬ್ಬರಿ ಅಂಗಡಿಗೆ ಹೋದೆ. ಗುರುತು ಹಿಡಿದ. ಸುರುಳಿಯನ್ನು ಕೈಗೆ ಕೊಟ್ಟೆ. ಕೊಬ್ಬರಿ ಮೂಟೆಗಳ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಕೆಳಗಿನ ಬಿಲ್ಲಿನ ಮೇಲೆ ಬೆರಳಿಟ್ಟು, “ನಾವಿರೋದು ಇಲ್ಲಿ” ಅಂದ.

“ನಾನು ಆವತ್ತು ಮಾಡಿದ್ದು ನೆನಪಿದೆಯಾ?” ಅಂದೆ.

“ಯಾಕಿಲ್ಲ” ಅಂದ. ಅಷ್ಟೇ. ಪರವಾಗಿಲ್ಲ ಅಂತ ಅನ್ನಲಿಲ್ಲ. ಅನ್ನಬೇಕಾದ ಅಗತ್ಯವೂ ಅವನಿಗಿರಲಿಲ್ಲ.

ಟೀ ತರಿಸಿದ. ಕುಡಿಯುತ್ತಾ ಪಟದ ತುದಿಯ ಸಿದ್ಧಶಿಲೆ ಯಾಕೆ ಈ ನಕ್ಷೆಯಲ್ಲಿ ಕಾಣುವುದಿಲ್ಲ ಅಂತ ಕೇಳಿದೆ. ಅದು ಲೋಕಪುರುಷನ ಪಟದಲ್ಲಿ ಬರುತ್ತೆ, ಅದರ ಅಗಲವೂ ಸರಿಯಾಗಿ 45 ಲಕ್ಷ ಯೋಜನ ಅಂತ ವಿವರಿಸಿದ. ಮನುಷ್ಯಲೋಕದಷ್ಟೇ ಅಗಲ. ಬಿಡುಗಡೆಯಾದ ಜೀವ ಇದ್ದ ಜಾಗದಿಂದ ನೆಟ್ಟಗೆ ಮೇಲಕ್ಕೆ ಹೋಗುತ್ತೆ, ಅದಕ್ಕೇ ಅಷ್ಟೇ ಅಗಲ ಅಂದ. ಮೂಲೆಯಲ್ಲಿದ್ದ ಒಂದು ಒಣಗಾಯಿ ಎತ್ತಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಗಿಟುಕು ಲೊಟಲೊಟ ಅಂತು. “ಹಸಿಕಾಯಿ ಒಡೆದರೆ ಕೊಬ್ಬರಿ ಚಿಪ್ಪಿಗೆ ಕಚ್ಚಿಕೊಂಡಿರುತ್ತೆ. ಅಟ್ಟದ ಮೇಲೆ ವರ್ಷ ಇಟ್ಟರೆ ತಾನೇ ಬಿಡಿಸಿಕೊಳ್ಳುತ್ತೆ. ದೇಹ, ಜೀವ ಬೇರೆ ಅಂತ ಹೇಳೋಕೆ ನಮ್ಮಜ್ಜಿ ಇದನ್ನೇ ಅಲ್ಲಾಡಿಸಿ ತೋರಿಸೋರು” ಅಂದ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ಅರ್ಧ ಗಂಟೆಯಲ್ಲಿ ನನಗೆ ಪಾಠ ಮಾಡಿ ಕಳಿಸಿದ.

ಅವನು ಈಗ ಇಲ್ಲೇ ಕುಳಿತಿದ್ದಾನೆ. ಹೆಸರು ಹೇಳಬೇಡ ಅಂದಿದ್ದಾನೆ, ಹೇಳುವುದಿಲ್ಲ. ಆದರೆ ನಕ್ಕದ್ದು ತರಗತಿಯ ಮುಂದೆ. ಕ್ಷಮೆ ಕೇಳುವುದೂ ಶಾಲೆಯ ಮುಂದೆಯೇ ಆಗಬೇಕು ಅಂತ ಅವನ ಒಪ್ಪಿಗೆ ಪಡೆದು ಈ ವೇದಿಕೆ ಹತ್ತಿದ್ದೇನೆ. ನನ್ನದು ತಪ್ಪಾಯಿತು, ಗೆಳೆಯ.

ಎರಡು ಬಿನ್ನಹ ಮಾಡಿ ಮುಗಿಸುತ್ತೇನೆ. ಶಿಕ್ಷಕ ಮಿತ್ರರೇ, ಯಾವುದಾದರೂ ಮಗು ಪಠ್ಯದಲ್ಲಿಲ್ಲದ್ದನ್ನು ಬರೆದು ತಂದರೆ, ತಪ್ಪು ಅನ್ನುವುದಕ್ಕೆ ಮುಂಚೆ “ಇದು ಏನಪ್ಪಾ, ಯಾರು ಹೇಳಿಕೊಟ್ಟರು?” ಅಂತ ಕೇಳಿ. ತಪ್ಪನ್ನು ತಿದ್ದುವುದಕ್ಕೆ ಆಮೇಲೂ ಸಮಯವಿರುತ್ತದೆ. ಊರಿನವರೇ, ನಿಮ್ಮ ಅಟ್ಟದ ಮೇಲೆ ಕೊಬ್ಬರಿಯ ಜೊತೆಗೆ ಹಳೆಯ ಓಲೆಗರಿ, ಬಟ್ಟೆಯ ಚಿತ್ರ, ಕಡತ ಏನಾದರೂ ಇದ್ದರೆ ಸುಡಬೇಡಿ, ಗುಜರಿಗೆ ಹಾಕಬೇಡಿ. ತಿಳಿದವರಿಗೆ ಒಮ್ಮೆ ತೋರಿಸಿ.

ನಾನು ತಂದಿದ್ದ ಮುದ್ರಿತ ಪ್ರತಿಗೆ ಕಟ್ಟು ಹಾಕಿಸಿ ಇವತ್ತು ಶಾಲೆಗೆ ಕೊಡುತ್ತಿದ್ದೇನೆ. ಮುಖ್ಯೋಪಾಧ್ಯಾಯರು ಅದನ್ನು ಸಮಾಜ ವಿಜ್ಞಾನದ ಕೊಠಡಿಯಲ್ಲಿ, ಪ್ರಪಂಚದ ಭೂಪಟದ ಪಕ್ಕದಲ್ಲೇ ಹಾಕಿಸಲು ಒಪ್ಪಿದ್ದಾರೆ. ಕೆಳಗೆ ಭರತಕ್ಷೇತ್ರ ಎಲ್ಲಿದೆ, ಸೂರ್ಯ ಎರಡು ಯಾಕೆ ಅಂತ ಕನ್ನಡದಲ್ಲಿ ಒಂದು ಚೀಟಿ ಇದೆ. ಬರೆದದ್ದು ನನ್ನ ಗೆಳೆಯ. ಅಕ್ಷರ ಇನ್ನೂ ಎಂಟನೇ ಕ್ಲಾಸಿನಲ್ಲಿದ್ದ ಹಾಗೇ ದುಂಡಗಿದೆ.

 ಊಟಕ್ಕೆ ಏಳಿ.